ಆಂಶಿಕ ಪರಿವರ್ತನೆಗಳ ಅರ್ಧಸಂಕುಲಗಳಲ್ಲಿ ಸಂಕ್ರಾಮಕತೆ

ಫಲನವೆಂದರೇನು ಎಂಬ ಪ್ರಶ್ನೆಗೆ ಗಣಿತದ ತರಗತಿಯಲ್ಲಿ ದೊರೆಯುವ ಉತ್ತರದಲ್ಲಿ ಎರಡು ನಿಬಂಧನೆಗಳಿರುತ್ತವೆ. ಮೊದಲನೆಯ ಗಣದ ಪ್ರತಿಯೊಂದು ಗಣಾಂಶಕ್ಕೂ ಎರಡನೆಯ ಗಣದಲ್ಲಿ ಒಂದು ಪ್ರತಿಬಿಂಬವಿರಬೇಕು; ಆ ಪ್ರತಿಬಿಂಬ ಒಂದೇ ಒಂದಾಗಿರಬೇಕು. ಎರಡನೆಯ ನಿಬಂಧನೆಯನ್ನು ವಿದ್ಯಾರ್ಥಿಯು ತಕರಾರಿಲ್ಲದೆ ಒಪ್ಪುತ್ತಾನೆ. ಒಂದೇ ಪ್ರಶ್ನೆಗೆ ಎರಡು ಉತ್ತರಗಳು ಬರಕೂಡದೆಂಬುದು ಸಹಜವಾದ ನಿರೀಕ್ಷೆ. ಮೊದಲನೆಯದಕ್ಕೆ ಮಾತ್ರ ಕಾರಣವನ್ನು ಹೇಳುವವರು ವಿರಳ. ಬಾಣಗಳಿಂದ ಕೂಡಿದ ಚಿತ್ರದಲ್ಲಿ ಯಾವುದಾದರೊಂದು ಬಿಂದುವಿನಿಂದ ಬಾಣ ಹೊರಡದಿದ್ದರೆ ಅಲ್ಲಿ ಅಧ್ಯಾಪಕರ ಕೆಂಪು ಶಾಯಿ ಬೀಳುತ್ತದೆ. ‘ಇದು ಫಲನವಲ್ಲ’ ಎಂಬ ತೀರ್ಪು ಬರುತ್ತದೆ. ಆದರೆ ಅದೇ ತರಗತಿಯ ಮುಂದಿನ ಪಾಠಗಳಲ್ಲಿ ಸೊನ್ನೆಗೆ ವ್ಯುತ್ಕ್ರಮವಿಲ್ಲದಿರುವುದೂ, ಋಣ ಸಂಖ್ಯೆಗಳಿಗೆ ವಾಸ್ತವ ವರ್ಗಮೂಲವಿಲ್ಲದಿರುವುದೂ, ಅವುಗಳ ಲಾಗರಿದಮ್ ತೆಗೆಯಲಾಗದಿರುವುದೂ ಎದುರಾಗುತ್ತವೆ. ಅಂಥಲ್ಲೆಲ್ಲ ಫಲನದ ಕ್ಷೇತ್ರವನ್ನೇ ಕಿರಿದುಗೊಳಿಸಿ, ತೊಡಕಿನ ಬಿಂದುಗಳನ್ನು ಹೊರಗಿಟ್ಟು, ನಿಯಮವನ್ನು ಉಳಿಸಿಕೊಳ್ಳುವುದು ಪಠ್ಯಪುಸ್ತಕಗಳ ರೂಢಿ.

ಒಂದೇ ಫಲನವನ್ನು ಕುರಿತು ವಿಚಾರಿಸುವಾಗ ಈ ಉಪಾಯ ಸಾಕಾಗುತ್ತದೆ. ಒಂದು ಗಣದ ಮೇಲೆ ಅನೇಕ ನಡೆಗಳನ್ನು ಒಂದಾದ ಮೇಲೊಂದರಂತೆ ನಡೆಸಬೇಕಾಗಿ ಬಂದು, ಪ್ರತಿಯೊಂದು ನಡೆಯೂ ಬೇರೆ ಬೇರೆ ಸ್ಥಳಗಳಲ್ಲಿ ಮೌನ ವಹಿಸುವಂತಿದ್ದರೆ ಆಗ ಅದು ಸಾಲದು. ಎಲ್ಲ ನಡೆಗಳಿಗೂ ಒಪ್ಪುವ ಕ್ಷೇತ್ರವನ್ನು ಹುಡುಕುತ್ತ ಹೋದರೆ ಕೊನೆಗೆ ಏನೂ ಉಳಿಯದಿರಬಹುದು. ಆದ್ದರಿಂದ ಬೀಜಗಣಿತಜ್ಞರು ಮೊದಲನೆಯ ನಿಬಂಧನೆಯನ್ನೇ ಕೈಬಿಟ್ಟು, ಒಂದು ಗಣದ ಯಾವುದಾದರೊಂದು ಉಪಗಣದಿಂದ ಅದೇ ಗಣಕ್ಕೆ ಹೋಗುವ ಫಲನಕ್ಕೆ ‘ಆಂಶಿಕ ಪರಿವರ್ತನೆ’ ಎಂಬ ಸ್ವತಂತ್ರ ಸ್ಥಾನವನ್ನು ಕೊಟ್ಟರು. ಮೂರು ಗಣಾಂಶಗಳ ಗಣಕ್ಕೆ ಪೂರ್ಣ ಪರಿವರ್ತನೆಗಳು 27, ಅವುಗಳಲ್ಲಿ ಕ್ರಮಯೋಜನೆಗಳು 6. ಆಂಶಿಕ ಪರಿವರ್ತನೆಗಳಾದರೋ 64. ಈ 64 ಬಂದ ಬಗೆ ಸರಳವಾದುದು. ಪ್ರತಿಯೊಂದು ಗಣಾಂಶಕ್ಕೂ ಮೂರು ಗುರಿಗಳಲ್ಲದೆ ‘ಎಲ್ಲಿಗೂ ಇಲ್ಲ’ ಎಂಬ ನಾಲ್ಕನೆಯ ಆಯ್ಕೆಯೊಂದಿದೆ. ನಾಲ್ಕನ್ನು ಮೂರು ಬಾರಿ ಗುಣಿಸಿದರೆ 64.

ವಿಷಯವನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ಚದುರಂಗದ ಮಣೆಗಿಂತ ಉತ್ತಮ ಸಾಧನ ಸಿಗುವುದು ಕಷ್ಟ. ಬರಿದಾದ ಮಣೆಯ 64 ಮನೆಗಳೇ ಗಣವಾಗಲಿ. ‘ಎರಡು ಮನೆ ಮುಂದಕ್ಕೆ, ಒಂದು ಮನೆ ಬಲಕ್ಕೆ’ ಎಂಬ ಕುದುರೆಯ ನಡೆಯನ್ನು ಒಂದು ಪರಿವರ್ತನೆಯೆಂದು ಭಾವಿಸಿದರೆ ಅದು ಮೇಲಿನ ಎರಡು ಅಡ್ಡಸಾಲುಗಳಲ್ಲಿಯೂ ಬಲತುದಿಯ ಒಂದು ಕಂಬಸಾಲಿನಲ್ಲಿಯೂ ನಡೆಯಲಾರದು. ಆರು ಅಡ್ಡಸಾಲು, ಏಳು ಕಂಬಸಾಲು, ಒಟ್ಟು 42 ಮನೆಗಳಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ಉಳಿದ 22 ಮನೆಗಳಲ್ಲಿ ಅದು ಮೌನ. ಕುದುರೆಗೆ ಇಂಥ ಎಂಟು ನಡೆಗಳಿವೆ. ಪ್ರತಿಯೊಂದೂ ಆಂಶಿಕ, ಪ್ರತಿಯೊಂದೂ ಏಕೈಕ, ಎಂದರೆ ಎರಡು ಬೇರೆ ಮನೆಗಳನ್ನು ಒಂದೇ ಮನೆಗೆ ತರುವುದಿಲ್ಲ. ಎಂಟರಲ್ಲಿ ಒಂದೂ 64 ಮನೆಗಳ ಕ್ರಮಯೋಜನೆಯಲ್ಲ. ಚದುರಂಗವನ್ನು ಬಲ್ಲ ಹುಡುಗನೊಬ್ಬ, ಹೆಸರನ್ನು ಅರಿಯದೆಯೇ, ಆಂಶಿಕ ಪರಿವರ್ತನೆಗಳ ಬೀಜಗಣಿತದಲ್ಲಿ ಪಳಗಿದವನಾಗಿರುತ್ತಾನೆ.

ಒಂದು ನಡೆಯ ಮೇಲೆ ಮತ್ತೊಂದು ನಡೆಯನ್ನು ಇಟ್ಟಾಗ ಸಂಯೋಜನೆ ದೊರೆಯುತ್ತದೆ. ಎರಡೂ ನಡೆಗಳು ಸಾಧ್ಯವಾಗುವ ಮನೆಗಳಲ್ಲಿ ಮಾತ್ರ ಸಂಯೋಜನೆಗೆ ಅರ್ಥ. ಮೂರು ನಡೆಗಳನ್ನು ಜೋಡಿಸುವಾಗ ಮೊದಲೆರಡನ್ನು ಒಟ್ಟುಗೂಡಿಸಿದರೂ ಕೊನೆಯೆರಡನ್ನು ಒಟ್ಟುಗೂಡಿಸಿದರೂ ಫಲಿತಾಂಶ ಒಂದೇ. ಸಹವರ್ತನ ನಿಯಮ ಕೆಡುವುದಿಲ್ಲ. ಹೀಗೆ ಸಂಯೋಜನೆಗೆ ಸಂವೃತವಾದ, ಸಹವರ್ತನ ನಿಯಮವನ್ನು ಪಾಲಿಸುವ ಸಮುದಾಯಕ್ಕೆ ಅರ್ಧಸಂಕುಲವೆಂದು ಹೆಸರು. ಸೆಮಿಗ್ರೂಪ್ ಎಂಬುದು ಇದೇ. ಏನನ್ನೂ ಕದಲಿಸದ ತದ್ರೂಪ ಪರಿವರ್ತನೆಯೂ, ಪ್ರತಿಯೊಂದು ನಡೆಯನ್ನು ಪೂರ್ತಿಯಾಗಿ ಅಳಿಸುವ ವಿಲೋಮ ನಡೆಯೂ ಅದರಲ್ಲಿದ್ದರೆ ಅದು ಸಂಕುಲ, ಅರ್ಥಾತ್ ಗ್ರೂಪ್, ಆಗುತ್ತದೆ.

ಎರಡು ನಡೆಗಳು ಒಂದಕ್ಕೊಂದು ಎಲ್ಲಿಯೂ ಹೊಂದದೆ ಹೋದರೆ ಏನಾಗಬೇಕು? ಬಲಕ್ಕೆ ಒಂದು ಮನೆ ಎಂಬ ನಡೆಯನ್ನು ಎಂಟು ಬಾರಿ ಒತ್ತಟ್ಟಿಗೆ ಇಟ್ಟರೆ ಅದು ಯಾವ ಮನೆಯಿಂದಲೂ ಸಾಧ್ಯವಿಲ್ಲ. ಈ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆನಿಸಿದರೂ ಇದು ಒಂದು ಕಾಲಕ್ಕೆ ಸಿದ್ಧಾಂತದ ದಾರಿಯನ್ನೇ ಅಡ್ಡಗಟ್ಟಿತ್ತು. ಅವಕಲ ರೇಖಾಗಣಿತದಲ್ಲಿ ವಕ್ರತಲದ ಒಂದೊಂದು ತುಂಡಿಗೆ ಒಂದೊಂದು ನಕ್ಷೆ ಇರುತ್ತದೆ. ಒಂದು ನಕ್ಷೆಯಿಂದ ಮತ್ತೊಂದಕ್ಕೆ ದಾಟುವ ಪರಿವರ್ತನೆಗಳು ಸ್ವಭಾವತಃ ಆಂಶಿಕವಾದುವು. 1932ರಲ್ಲಿ ವೆಬ್ಲೆನ್ ಮತ್ತು ವೈಟ್‌ಹೆಡ್ ಇವುಗಳಿಗಾಗಿ ಒಂದು ಚೌಕಟ್ಟನ್ನು ರೂಪಿಸಿದರಾದರೂ, ನಡೆಗಳು ಸರಿಯಾಗಿ ಹೊಂದದಾಗ ಸಂಯೋಜನೆಯೇ ಇಲ್ಲವೆಂದು ಬಿಟ್ಟುಬಿಡಲಾಗಿತ್ತು. ಸಂಯೋಜನೆ ಕೆಲವೆಡೆ ಉಂಟು, ಕೆಲವೆಡೆ ಇಲ್ಲ ಎಂದಾದ ಮೇಲೆ ಅಚ್ಚುಕಟ್ಟಾದ ಬೀಜಗಣಿತವನ್ನು ಕಟ್ಟುವುದು ದುಸ್ತರ. ವೋಲ್ಗಾ ದಡದ ಸರಾತೋವ್ ನಗರದಲ್ಲಿ ಅಧ್ಯಾಪಕರಾಗಿದ್ದ ವಿಕ್ತರ್ ವ್ಲಾದಿಮಿರೊವಿಚ್ ವಾಗ್ನರ್ (1908–1981) ಈ ಗಂಟನ್ನು ಬಿಡಿಸಿದರು. ಆಂಶಿಕ ಪರಿವರ್ತನೆಯೂ ಒಂದು ಸಂಬಂಧವೇ. ಸಂಬಂಧಗಳ ಸಂಯೋಜನೆ ಯಾವಾಗಲೂ ಇದ್ದೇ ಇರುತ್ತದೆ. ಹೊಂದದೆ ಹೋದಾಗ ಬರುವುದು ಶೂನ್ಯ ಸಂಬಂಧ. ಎಲ್ಲಿಯೂ ನಡೆಯದ ನಡೆಯೂ ಒಂದು ನಡೆಯೆಂದು ಅವರು ಲೆಕ್ಕಕ್ಕೆ ಸೇರಿಸಿಕೊಂಡರು. 1952ರಲ್ಲಿ ‘ಸಾಮಾನ್ಯೀಕೃತ ಸಂಕುಲ’ ಎಂಬ ಹೆಸರಿನಲ್ಲಿ ಅವರು ಪ್ರಕಟಿಸಿದ ರಚನೆಯನ್ನೇ ಎರಡು ವರ್ಷಗಳ ತರುವಾಯ, 1954ರಲ್ಲಿ, ಇಂಗ್ಲೆಂಡಿನ ಗಾರ್ಡನ್ ಪ್ರೆಸ್ಟನ್ ಸ್ವತಂತ್ರವಾಗಿ ಕಂಡುಕೊಂಡು ‘ವಿಲೋಮ ಅರ್ಧಸಂಕುಲ’ ಎಂದು ಕರೆದರು. ಇಂಥ ಪ್ರತಿಯೊಂದು ರಚನೆಯನ್ನೂ ಯಾವುದೋ ಒಂದು ಗಣದ ಮೇಲಿನ ಏಕೈಕ ಆಂಶಿಕ ಪರಿವರ್ತನೆಗಳ ಸಮುದಾಯವಾಗಿ ಕಾಣಬಹುದೆಂಬ ಪ್ರಮೇಯಕ್ಕೆ ಇಬ್ಬರ ಹೆಸರೂ ಸೇರಿಕೊಂಡಿದೆ.

ಇನ್ನು ಶೀರ್ಷಿಕೆಯಲ್ಲಿರುವ ಪದಕ್ಕೆ ಬರಬೇಕು. ಸಂಕ್ರಾಮಕವೆಂದೊಡನೆ ಸಾಮಾನ್ಯ ಓದುಗರಿಗೆ ರೋಗಗಳ ನೆನಪಾಗುವುದು ಸಹಜ. ಗಣಿತದ ವಿದ್ಯಾರ್ಥಿಗೆ ಸಂಬಂಧಗಳ ಪಾಠದಲ್ಲಿ ಬರುವ ಮೂರು ಗುಣಗಳಲ್ಲಿ ಕೊನೆಯದು ನೆನಪಾಗುತ್ತದೆ. ಇಲ್ಲಿನ ಅರ್ಥ ಎರಡಕ್ಕಿಂತಲೂ ಭಿನ್ನವಾದುದು. ಗಣದ ಯಾವ ಬಿಂದುವಿನಿಂದಲಾದರೂ ಯಾವ ಬಿಂದುವಿಗಾದರೂ ಒಯ್ಯಬಲ್ಲ ಒಂದಾದರೂ ಪರಿವರ್ತನೆ ಅರ್ಧಸಂಕುಲದಲ್ಲಿದ್ದರೆ ಆ ಅರ್ಧಸಂಕುಲ ಸಂಕ್ರಾಮಕವಾದುದು. ಚದುರಂಗದ ಮಾತಿನಲ್ಲಿ ಹೇಳುವುದಾದರೆ, ಕಾಯಿಯು ಎಲ್ಲಿದ್ದರೂ ಎಲ್ಲಿಗಾದರೂ ತಲುಪಬಲ್ಲುದೆ ಎಂಬುದೇ ಪ್ರಶ್ನೆ. ಆನೆ ತಲುಪಬಲ್ಲುದು. ಒಂಟೆ ತಲುಪಲಾರದು, ಬಿಳಿಯ 32 ಮನೆಗಳಲ್ಲಿ ಹುಟ್ಟಿದ ಒಂಟೆ ಕರಿಯ 32 ಮನೆಗಳನ್ನು ಎಂದೂ ಕಾಣದು. ಕುದುರೆ ತಲುಪಬಲ್ಲುದೆಂಬುದು ಹಿಂದಿನಿಂದಲೂ ತಿಳಿದ ವಿಷಯ. ಬರಿಯ ತಲುಪುವಿಕೆಯಷ್ಟೇ ಅಲ್ಲ, ಒಂದೊಂದು ಮನೆಯನ್ನು ಒಂದೊಂದೇ ಬಾರಿ ಮೆಟ್ಟಿ 64 ಮನೆಗಳನ್ನೂ ಮುಗಿಸುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಬಹು ಆಸಕ್ತಿಯಿಂದ ರಚಿಸಿದ್ದರು. ಮನೆಗಳನ್ನು ಬಿಂದುಗಳಾಗಿಯೂ ಮೂಲ ನಡೆಗಳನ್ನು ಬಾಣಗಳಾಗಿಯೂ ಬರೆದುಕೊಂಡರೆ, ಬಾಣಗಳ ದಿಕ್ಕನ್ನು ಅನುಸರಿಸಿ ಎಲ್ಲಿಂದ ಎಲ್ಲಿಗಾದರೂ ದಾರಿಯಿರುವಾಗ ಮಾತ್ರ ಆ ನಡೆಗಳಿಂದ ಹುಟ್ಟಿದ ಅರ್ಧಸಂಕುಲ ಸಂಕ್ರಾಮಕವಾಗುತ್ತದೆ. ಗಣಕಯಂತ್ರಗಳ ಸಿದ್ಧಾಂತದಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಯಂತ್ರದ ಸ್ಥಿತಿಗಳು ಬಿಂದುಗಳು, ಆಜ್ಞೆಗಳು ಬಾಣಗಳು, ಕೆಲವು ಸ್ಥಿತಿಗಳಲ್ಲಿ ಕೆಲವು ಆಜ್ಞೆಗಳು ಸಲ್ಲವು.

ಕಾಲಾಳಿನ ವಿಚಾರ ಬೇರೆ. ಒಂದು ಮನೆ ಮುಂದಕ್ಕೆ ಎಂಬ ಅದರ ನಡೆಗೆ ಹಿಂದಿರುಗುವ ದಾರಿಯಿಲ್ಲ. ಇಲ್ಲಿಯೇ ಸಂಕುಲಕ್ಕೂ ಅರ್ಧಸಂಕುಲಕ್ಕೂ ಇರುವ ಮೊದಲನೆಯ ಅಂತರ ಸ್ಪಷ್ಟವಾಗುತ್ತದೆ. ಸಂಕುಲದಲ್ಲಿ ಹೋಗುವ ದಾರಿಯಿದ್ದರೆ ಬರುವ ದಾರಿಯೂ ಉಚಿತವಾಗಿ ದೊರೆಯುತ್ತದೆ. ಪರಿಮಿತ ಗಣದ ಕ್ರಮಯೋಜನೆಯಾದರಂತೂ ವಿಲೋಮವನ್ನು ಹುಡುಕಬೇಕಾಗಿಯೇ ಇಲ್ಲ. ಅದೇ ನಡೆಯನ್ನು ಮತ್ತೆ ಮತ್ತೆ ನಡೆಸಿದರೆ ಹೊರಟಲ್ಲಿಗೆ ಬಂದೇ ಬರುತ್ತದೆ. ಮಣೆಯ ಮೇಲಂಚನ್ನು ಕೆಳಗಿನ ಅಂಚಿಗೆ ಅಂಟಿಸಿ ಕೊಳವೆಯಾಗಿಸಿದರೆ ಕಾಲಾಳು ಎಂಟನೆಯ ಹೆಜ್ಜೆಗೆ ಮನೆಗೆ ಮರಳುತ್ತದೆ. ಅಂಚು ಉಳಿದಿರುವವರೆಗೆ ಮಾತ್ರ ಅದು ಎಂಟನೆಯ ಹೆಜ್ಜೆಗೆ ಶೂನ್ಯವಾಗುತ್ತದೆ. ಪೂರ್ಣ ಪರಿವರ್ತನೆಗಳಾಗಿದ್ದೂ ವಿಲೋಮವಿಲ್ಲದ ಸಂಕ್ರಾಮಕ ಅರ್ಧಸಂಕುಲಗಳೂ ಉಂಟು. ಗಣದ ಎಲ್ಲ ಬಿಂದುಗಳನ್ನೂ ಒಂದೇ ಬಿಂದುವಿಗೆ ಒಯ್ಯುವ ಸ್ಥಿರ ಪರಿವರ್ತನೆಗಳನ್ನು, ಪ್ರತಿ ಬಿಂದುವಿಗೆ ಒಂದರಂತೆ, ಕೂಡಿಸಿದರೆ ಸಂಕ್ರಾಮಕತೆ ಸಿದ್ಧಿಸುತ್ತದೆ. ಆದರೆ ಪ್ರತಿಯೊಂದು ನಡೆಯೂ ಗಣವನ್ನೆಲ್ಲ ಹಿಂಡಿ ಒಂದು ಬಿಂದುವಾಗಿಸುತ್ತದೆ. ಇದನ್ನು ಸಂಕ್ರಾಮಕತೆಯೆಂದು ಒಪ್ಪಬೇಕಾದುದು ವ್ಯಾಖ್ಯೆಯ ಬಲದಿಂದಲೇ ಹೊರತು ಮನಸ್ಸಿನ ಸಮಾಧಾನದಿಂದಲ್ಲ.

ವಿಲೋಮವಿದ್ದ ಮಾತ್ರಕ್ಕೆ ಎಲ್ಲವೂ ಸಂಕುಲದಂತೆಯೇ ನಡೆಯುವುದೆಂದು ತಿಳಿಯುವುದೂ ಸರಿಯಲ್ಲ. ‘ಬಲಕ್ಕೆ ಒಂದು ಮನೆ, ಅನಂತರ ಎಡಕ್ಕೆ ಒಂದು ಮನೆ’ ಎಂಬುದು ಬಲತುದಿಯ ಕಂಬಸಾಲನ್ನು ಬಿಟ್ಟು ಉಳಿದ 56 ಮನೆಗಳನ್ನು ಇದ್ದಲ್ಲಿಯೇ ಇರಿಸುತ್ತದೆ. ‘ಎಡಕ್ಕೆ, ಅನಂತರ ಬಲಕ್ಕೆ’ ಎಂಬುದು ಎಡತುದಿಯ ಕಂಬಸಾಲನ್ನು ಬಿಟ್ಟುಬಿಡುತ್ತದೆ. ಎರಡೂ 56 ಮನೆಗಳ ಮೇಲಿನ ತದ್ರೂಪಗಳೇ, ಆದರೆ ಒಂದೇ ಅಲ್ಲ. ಮಣೆಯು ಬಲಕ್ಕೆ ಕೊನೆಯಿಲ್ಲದೆ ಚಾಚಿದ್ದರೆ ಇನ್ನೂ ವಿಚಿತ್ರ. ಮುಂದೆ ಹೋಗಿ ಹಿಂದೆ ಬರುವುದು ಎಲ್ಲ ಮನೆಗಳಲ್ಲಿಯೂ ಸಾಧ್ಯ. ಹಿಂದೆ ಹೋಗಿ ಮುಂದೆ ಬರುವುದು ಮೊದಲನೆಯ ಮನೆಯೊಂದರಲ್ಲಿ ಅಸಾಧ್ಯ. ಈ ಎರಡೇ ನಡೆಗಳಿಂದ ಹುಟ್ಟುವ, ಸ್ವಾಭಾವಿಕ ಸಂಖ್ಯೆಗಳ ಮೇಲೆ ಸಂಕ್ರಾಮಕವಾದ ಅರ್ಧಸಂಕುಲಕ್ಕೆ ದ್ವಿಚಕ್ರೀಯವೆಂದು ಹೆಸರು. ಇದರ ವಿವರಣೆಯನ್ನು ಮೊದಲು ಪ್ರಕಟಿಸಿದವರು ರಷ್ಯಾದ ಯೆವ್ಗೇನಿ ಲ್ಯಾಪಿನ್, 1953ರಲ್ಲಿ. ಪರಿಮಿತ ಗಣದಲ್ಲಿ ಇಂಥ ಏಕಪಕ್ಷೀಯತೆ ಸಂಭವಿಸುವುದಿಲ್ಲವೆಂಬುದನ್ನು ಆಸಕ್ತ ವಿದ್ಯಾರ್ಥಿ ತಾನೇ ಸಾಧಿಸಿ ನೋಡಬಹುದು.

ಒಂದು ಬಿಂದುವಿನ ಬದಲು ಹಲವನ್ನು ಒಟ್ಟಿಗೆ ಸಾಗಿಸಬೇಕಾದಾಗ ವಿಷಯ ನಿಜವಾಗಿಯೂ ಗಂಭೀರವಾಗುತ್ತದೆ. ಮಣೆಯ ಮೇಲೆ ಎರಡು ಕುದುರೆಗಳಿವೆ. ಒಂದೇ ಆಜ್ಞೆಯನ್ನು ಎರಡೂ ಏಕಕಾಲದಲ್ಲಿ ಪಾಲಿಸಬೇಕು. ಯಾವುದೇ ಎರಡು ಬೇರೆ ಮನೆಗಳಿಂದ ಹೊರಟು ಬೇಕೆಂದ ಎರಡು ಬೇರೆ ಮನೆಗಳನ್ನು, ಮೊದಲನೆಯದು ಮೊದಲನೆಯದನ್ನು, ಎರಡನೆಯದು ಎರಡನೆಯದನ್ನು, ಅವು ತಲುಪಬಲ್ಲುವಾದರೆ ಅದು ದ್ವಿ-ಸಂಕ್ರಾಮಕತೆ. ಕುದುರೆಗಳಿಗೆ ಇದು ಸಾಧ್ಯವಿಲ್ಲ. ಒಂದೇ ಆಜ್ಞೆಗೆ ಎರಡೂ ಒಂದೇ ದಿಕ್ಕಿನಲ್ಲಿ ಒಂದೇ ದೂರ ಸರಿಯುವುದರಿಂದ ಅವುಗಳ ನಡುವಣ ಅಂತರ ಎಂದೆಂದಿಗೂ ಬದಲಾಗದು. ಅಕ್ಕಪಕ್ಕದಲ್ಲಿರುವ ಎರಡು ಕುದುರೆಗಳು ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳಲಾರವು. ಮೂರು, ನಾಲ್ಕು, ಐದು ಬಿಂದುಗಳಿಗೂ ಇದೇ ವ್ಯಾಖ್ಯೆಯನ್ನು ವಿಸ್ತರಿಸಬಹುದು. ಮೆಟ್ಟಿಲು ಏರಿದಷ್ಟೂ ಬೇಡಿಕೆ ಬಿಗಿಯಾಗುತ್ತದೆ.

ಎಷ್ಟು ಬಿಗಿ ಎಂಬುದಕ್ಕೆ ಸಂಕುಲಗಳ ಇತಿಹಾಸವೇ ಸಾಕ್ಷಿ. ಎಲ್ಲ ಕ್ರಮಯೋಜನೆಗಳ ಸಂಕುಲವನ್ನೂ, ಅದರಲ್ಲಿ ಅರ್ಧದಷ್ಟಿರುವ ಸಮ ಕ್ರಮಯೋಜನೆಗಳ ಸಂಕುಲವನ್ನೂ ಬದಿಗಿಟ್ಟರೆ ಪಂಚ-ಸಂಕ್ರಾಮಕವಾದ ಪರಿಮಿತ ಸಂಕುಲಗಳು ಎರಡೇ ಎರಡು. ಎರಡೂ ಫ್ರಾನ್ಸಿನ ಎಮಿಲ್ ಮಾತ್ಯೂ ಕಂಡುಹಿಡಿದವು: 1861ರಲ್ಲಿ 12 ಬಿಂದುಗಳ ಮೇಲಿನದು, 1873ರಲ್ಲಿ 24 ಬಿಂದುಗಳ ಮೇಲಿನದು. ಎರಡನೆಯದರಲ್ಲಿ 24,48,23,040 ಕ್ರಮಯೋಜನೆಗಳಿವೆ. ಷಟ್-ಸಂಕ್ರಾಮಕವಾದುದು, ಮೇಲೆ ಬದಿಗಿಟ್ಟವುಗಳ ಹೊರತು, ಒಂದೂ ಇಲ್ಲ. ಈ ‘ಇಲ್ಲ’ ಎಂಬ ಒಂದು ಮಾತನ್ನು ನಿಶ್ಚಯವಾಗಿ ಹೇಳಲು ಪರಿಮಿತ ಸರಳ ಸಂಕುಲಗಳ ವರ್ಗೀಕರಣವೆಂಬ, ಸಾವಿರಾರು ಪುಟಗಳ ಸಾಮೂಹಿಕ ಶ್ರಮವೇ ಬೇಕಾಯಿತು.

ಆಂಶಿಕ ಪರಿವರ್ತನೆಗಳ ಲೋಕದಲ್ಲಿ ಇದೇ ಗುಣ ಕೇಳಿದೊಡನೆ ಕೈಗೆ ಬರುತ್ತದೆ. ಐದು ಅಥವಾ ಅದಕ್ಕಿಂತ ಕಡಿಮೆ ಬಿಂದುಗಳ ಮೇಲೆ ಮಾತ್ರ ನಡೆಯುವ ಏಕೈಕ ಆಂಶಿಕ ಪರಿವರ್ತನೆಗಳನ್ನೆಲ್ಲ ಒಟ್ಟುಗೂಡಿಸಿದರೆ ಸಾಕು. ಎರಡನ್ನು ಸಂಯೋಜಿಸಿದಾಗ ಕ್ಷೇತ್ರ ಕುಗ್ಗಬಹುದೇ ಹೊರತು ಹಿಗ್ಗದು. ಆದುದರಿಂದ ಅದು ಅರ್ಧಸಂಕುಲವೇ ಸರಿ. ಅದು ಪಂಚ-ಸಂಕ್ರಾಮಕ, ಆದರೆ ಷಟ್-ಸಂಕ್ರಾಮಕವಲ್ಲ. ಐದರ ಸ್ಥಾನದಲ್ಲಿ ಆರು, ಏಳು, ಯಾವ ಸಂಖ್ಯೆಯನ್ನಾದರೂ ಇಡಬಹುದು. ಯಾವ ಮೆಟ್ಟಿಲಿನಲ್ಲಿ ಬೇಕೋ ಅಲ್ಲಿ ನಿಲ್ಲಬಲ್ಲ ಉದಾಹರಣೆ, ಯಾವ ಸಾಹಸವೂ ಇಲ್ಲದೆ, ಸಿದ್ಧವಾಗಿದೆ. ಮಾತ್ಯೂ ಸಂಕುಲಗಳ ಅಪೂರ್ವತೆಗೆ ಕಾರಣ ಸಂಕ್ರಾಮಕತೆಯಲ್ಲ, ಒಬ್ಬರನ್ನೂ ಬಿಡದೆ ಎಲ್ಲ ಬಿಂದುಗಳನ್ನೂ ಸಾಗಿಸುತ್ತ ಸಂಕ್ರಾಮಕವಾಗಿರುವುದು ಎಂಬ ಸಂಗತಿ ಇಲ್ಲಿ ಹೊರಬೀಳುತ್ತದೆ. ತರಗತಿಯಲ್ಲಿ ಕಾರಣ ಹೇಳದೆ ದಾಟಿಸಿದ ಆ ಮೊದಲನೆಯ ನಿಬಂಧನೆ ಎಷ್ಟು ಭಾರವನ್ನು ಹೊತ್ತಿತ್ತೆಂಬುದು ಅದನ್ನು ಕಳಚಿದ ಮೇಲೆಯೇ ತಿಳಿಯಬೇಕಾಯಿತು.

ಸುಲಭವಾಗಿ ಬಂದುದಕ್ಕೆ ಬೆಲೆಯಿಲ್ಲವೆ? ಬೆಲೆಯನ್ನು ಎಣಿಸಿಯೇ ನೋಡಬಹುದು. 12 ಬಿಂದುಗಳಿಂದ ಐದನ್ನು ಸಾಲಾಗಿ ಆರಿಸುವ ಬಗೆಗಳು 12, 11, 10, 9, 8 ಇವುಗಳ ಗುಣಲಬ್ಧ, ಎಂದರೆ 95,040. ಮಾತ್ಯೂ ಅವರ ಮೊದಲ ಸಂಕುಲದಲ್ಲಿರುವ ಕ್ರಮಯೋಜನೆಗಳೂ ಸರಿಯಾಗಿ 95,040. ಯಾವುದೇ ಸಾಲನ್ನು ಯಾವುದೇ ಸಾಲಿಗೆ ಒಯ್ಯುವ ಕ್ರಮಯೋಜನೆ ಅದರಲ್ಲಿ ಒಂದುಂಟು, ಒಂದೇ ಉಂಟು. ಆಂಶಿಕ ಪರಿವರ್ತನೆಗಳ ಕಡೆಯಲ್ಲಿಯೂ ಒಂದು ಸಾಲನ್ನು ಮತ್ತೊಂದಕ್ಕೆ ಒಯ್ಯುವುದು ಒಂದೇ. ಆದರೆ ಐದು ಬಿಂದುಗಳ ಕ್ಷೇತ್ರವುಳ್ಳ ಏಕೈಕ ಪರಿವರ್ತನೆಗಳ ಸಂಖ್ಯೆ 792 ಮತ್ತು 95,040ರ ಗುಣಲಬ್ಧ, 7,52,71,680. ಅಲ್ಲಿ ಒಂದೊಂದು ಕ್ರಮಯೋಜನೆಯೂ 95,040 ಸಾಲುಗಳ ಕೆಲಸವನ್ನು ಒಮ್ಮೆಗೇ ಮಾಡುತ್ತದೆ. ಇಲ್ಲಿ ಒಂದೊಂದು ಪರಿವರ್ತನೆ ತನ್ನ ಐದು ಬಿಂದುಗಳ 120 ಸಾಲುಗಳಿಗೆ ಮಾತ್ರ ದುಡಿಯುತ್ತದೆ. ಮೊದಲನೆಯದು ಮಿತವ್ಯಯಿ, ಎರಡನೆಯದು ದುಂದುಗಾರ. ಸಂಕ್ರಾಮಕತೆಯ ಹೆಸರು ಎರಡಕ್ಕೂ ಒಂದೇ ಆದರೂ ಅದನ್ನು ಗಳಿಸಿದ ರೀತಿಯಲ್ಲಿ ಇರುವ ಅಂತರವನ್ನು ಮರೆಯುವಂತಿಲ್ಲ.

ಸಂಕುಲಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದ ಗುಣಗಳು ಇಲ್ಲಿ ಹೇಗೆ ಬೇರ್ಪಡುತ್ತವೆ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಬಿಂದುಗಳ ಸಾಲನ್ನು ಸಾಲಿಗೆ ಒಯ್ಯುವ ಬದಲು, ಒಳಕ್ರಮವನ್ನು ಲೆಕ್ಕಿಸದೆ ಗುಂಪನ್ನು ಗುಂಪಿಗೆ ಒಯ್ದರೆ ಸಾಕೆಂದು ಬೇಡಿಕೆಯನ್ನು ಸಡಿಲಿಸಬಹುದು. ಇದನ್ನು ಗುಂಪು-ಸಂಕ್ರಾಮಕತೆಯೆಂದು ಕರೆಯೋಣವಾಗಲಿ. ಸಂಕುಲಗಳಲ್ಲಿ ಈ ಸಡಿಲಿಕೆಯಿಂದ ಹೆಚ್ಚಿನ ಲಾಭವಿಲ್ಲ. ಗುಂಪಿನ ಗಾತ್ರ ಎರಡಕ್ಕೆ ಕಡಿಮೆಯಿಲ್ಲದೆ, ಒಟ್ಟು ಬಿಂದುಗಳ ಅರ್ಧಕ್ಕೆ ಮೀರದೆ ಇದ್ದರೆ, ಗುಂಪು-ಸಂಕ್ರಾಮಕವಾದ ಸಂಕುಲ ಒಂದು ಮೆಟ್ಟಿಲು ಕೆಳಗಿನ ಸಾಲು-ಸಂಕ್ರಾಮಕತೆಯನ್ನು ಹೊಂದಿಯೇ ಇರುತ್ತದೆ. ಗಾತ್ರ ಐದು ಅಥವಾ ಹೆಚ್ಚಾಗಿದ್ದರೆ ಅದೇ ಮೆಟ್ಟಿಲಿನ ಸಾಲು-ಸಂಕ್ರಾಮಕತೆಯೂ ಅದಕ್ಕಿರುತ್ತದೆ. ಇದು ಲಿವಿಂಗ್‌ಸ್ಟನ್ ಮತ್ತು ವ್ಯಾಗ್ನರ್ 1965ರಲ್ಲಿ ಸಾಧಿಸಿದ ಪ್ರಮೇಯ. (ಈ ವ್ಯಾಗ್ನರ್ ಸರಾತೋವ್‌ನವರಲ್ಲ, ಹೆಸರಿನ ಸಾಮ್ಯದಿಂದ ಗೊಂದಲವಾಗುವುದುಂಟು.) ಆಂಶಿಕ ಪರಿವರ್ತನೆಗಳಿಗೆ ಈ ಪ್ರಮೇಯ ಸ್ವಲ್ಪವೂ ಅನ್ವಯಿಸದು. ಹತ್ತು ಮಂದಿ ವಿದ್ಯಾರ್ಥಿಗಳು ಎತ್ತರದ ಕ್ರಮದಲ್ಲಿ ನಿಂತಿದ್ದಾರೆಂದು ಭಾವಿಸಿ, ಹಿಂದುಮುಂದಾಗದಂತೆ ಕ್ರಮವನ್ನು ಕಾಪಾಡುವ ಏಕೈಕ ಆಂಶಿಕ ಪರಿವರ್ತನೆಗಳನ್ನಷ್ಟೇ ತೆಗೆದುಕೊಂಡರೆ, ಯಾವುದೇ ಗಾತ್ರದ ಗುಂಪನ್ನು ಅದೇ ಗಾತ್ರದ ಯಾವುದೇ ಗುಂಪಿಗೆ ಒಯ್ಯಬಹುದು: ಅತಿ ಗಿಡ್ಡನನ್ನು ಅತಿ ಗಿಡ್ಡನ ಸ್ಥಾನಕ್ಕೆ, ಮುಂದಿನವನನ್ನು ಮುಂದಿನವನ ಸ್ಥಾನಕ್ಕೆ, ಹೀಗೆ. ಹೀಗಿದ್ದೂ ಇಬ್ಬರನ್ನು ಅದಲುಬದಲು ಮಾಡುವ ಶಕ್ತಿ ಇದಕ್ಕಿಲ್ಲ. ಎಲ್ಲ ಗಾತ್ರಗಳಿಗೂ ಗುಂಪು-ಸಂಕ್ರಾಮಕ, ಆದರೆ ದ್ವಿ-ಸಂಕ್ರಾಮಕವೂ ಅಲ್ಲ! ಇಂಥದು ಸಂಕುಲಗಳಲ್ಲಿ ಇರಲಾರದು. ಪರಿಮಿತ ಸಾಲಿನ ಕ್ರಮವನ್ನು ಕಾಪಾಡುವ ಕ್ರಮಯೋಜನೆ ತದ್ರೂಪವೊಂದೇ, ಅದಕ್ಕೆ ಯಾರನ್ನೂ ಕದಲಿಸುವ ಸಾಮರ್ಥ್ಯವಿಲ್ಲ.

ಕೊನೆಯದಾಗಿ ಎಣಿಕೆಯ ಪ್ರಶ್ನೆ ಉಳಿಯುತ್ತದೆ. ಸಂಕುಲ ಸಿದ್ಧಾಂತವನ್ನು ಓದಿದವರಿಗೆ ಒಂದು ಸಮೀಕರಣ ಪರಿಚಿತವಾದುದು: ಸಂಕ್ರಾಮಕ ಸಂಕುಲದ ಗಾತ್ರವು ಬಿಂದುಗಳ ಸಂಖ್ಯೆಗೂ, ಒಂದು ಬಿಂದುವನ್ನು ಕದಲಿಸದ ಕ್ರಮಯೋಜನೆಗಳ ಸಂಖ್ಯೆಗೂ ಗುಣಲಬ್ಧ. ಆದುದರಿಂದ ಸಂಕುಲದ ಗಾತ್ರ ಬಿಂದುಗಳ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಆಂಶಿಕ ಪರಿವರ್ತನೆಗಳಲ್ಲಿ ಏನಾಗುವುದೆಂಬುದನ್ನು ಮೂರು ಆಸನಗಳ ಒಂದು ಬೆಂಚಿನ ಮೇಲೆ ಪರೀಕ್ಷಿಸಬಹುದು. ಮೂಲ ನಡೆಗಳು ಎರಡೇ. ‘ಮುಂದಕ್ಕೆ’ ಎಂಬುದು ಮೊದಲನೆಯ ಆಸನದವನನ್ನು ಎರಡಕ್ಕೂ ಎರಡನೆಯವನನ್ನು ಮೂರಕ್ಕೂ ಒಯ್ಯುತ್ತದೆ, ಮೂರನೆಯವನ ಬಗ್ಗೆ ಮೌನ. ‘ಹಿಂದಕ್ಕೆ’ ಎಂಬುದು ಇದರ ವಿಲೋಮ. ಇವೆರಡರಿಂದ ಹುಟ್ಟುವ ಪರಿವರ್ತನೆಗಳನ್ನೆಲ್ಲ ತಾಳ್ಮೆಯಿಂದ ಬರೆದರೆ, ಎರಡು ಬಿಂದುಗಳ ಮೇಲಿನವು 4, ಒಂದೇ ಬಿಂದುವಿನ ಮೇಲಿನವು 9, ಶೂನ್ಯ ಪರಿವರ್ತನೆ 1, ಒಟ್ಟು 14 ದೊರೆಯುತ್ತವೆ. ಇದು ಸಂಕ್ರಾಮಕವಾದುದು, ಆದರೆ 14ನ್ನು ಮೂರರಿಂದ ಭಾಗಿಸಲು ಬರುವುದಿಲ್ಲ.

ತಪ್ಪಿದುದೆಲ್ಲಿ? ಮೊದಲನೆಯ ಆಸನದಲ್ಲಿ ಅರ್ಥವುಳ್ಳ ಪರಿವರ್ತನೆಗಳನ್ನು ಮಾತ್ರ ಪ್ರತ್ಯೇಕಿಸಿದರೆ ಅವು ಐದು. ಮೊದಲನೆಯವನನ್ನು ಅಲ್ಲಿಯೇ ಇರಿಸುವವು 2, ಎರಡನೆಯ ಆಸನಕ್ಕೆ ಒಯ್ಯುವವು 2, ಮೂರನೆಯದಕ್ಕೆ ಒಯ್ಯುವುದು 1. ನಡುವಣ ಆಸನದಿಂದ ನೋಡಿದರೆ ಅಲ್ಲಿಯೇ ಇರಿಸುವವು 3, ಆಚೀಚೆಗೆ ಒಯ್ಯುವವು ತಲಾ 2. ಸಂಕುಲದಲ್ಲಾಗಿದ್ದರೆ ಈ ಭಾಗಗಳು ಸಮನಾಗಿರಬೇಕಿತ್ತು, ಮತ್ತು ಎಲ್ಲ ಆಸನಗಳಿಂದಲೂ ನೋಟ ಒಂದೇ ಆಗಬೇಕಿತ್ತು. ಇಲ್ಲಿ ಆಸನಗಳ ನಡುವೆ ತಾರತಮ್ಯ ಉಳಿದುಕೊಂಡಿದೆ: ನಡುವೆ ಕುಳಿತವನಿಗೆ ಸಿಗುವ ಅವಕಾಶಗಳು 7, ತುದಿಯಲ್ಲಿ ಕುಳಿತವರಿಗೆ ತಲಾ 5. ಎಲ್ಲಿಂದ ಎಲ್ಲಿಗಾದರೂ ದಾರಿಯುಂಟು ಎಂಬುದರಿಂದ ಎಲ್ಲ ಸ್ಥಾನಗಳೂ ಸಮಾನವೆಂಬ ನಿರ್ಣಯ ಬರುವುದಿಲ್ಲ. ಸಂಕುಲಗಳಲ್ಲಿ ಮಾತ್ರ ಅದು ಬರುತ್ತಿತ್ತು. ಬಹುಕಾಲದ ಬಳಕೆಯಿಂದ ಅದು ಸಂಕ್ರಾಮಕತೆಯ ಅರ್ಥವೇ ಎಂಬಂತೆ ಭಾಸವಾಗುತ್ತಿತ್ತು, ಅಷ್ಟೆ.

ಸಮೀಕರಣ ಹೋದರೂ ಅದರ ಹಿಂದಿನ ಭಾವನೆ ಪೂರ್ತಿಯಾಗಿ ಅಳಿಯಲಿಲ್ಲ. ವಾಗ್ನರ್ ಅವರ ಶಿಷ್ಯರಾದ ಬೋರಿಸ್ ಶೈನ್ 1962ರಲ್ಲಿ ಅದನ್ನು ಹೊಸ ರೂಪದಲ್ಲಿ ಮರಳಿ ಪಡೆದರು. ಒಂದು ಬಿಂದುವನ್ನು ಕದಲಿಸದ ಪರಿವರ್ತನೆಗಳನ್ನು ಆರಿಸಿಕೊಳ್ಳಬೇಕು. ಒಂದು ಪರಿವರ್ತನೆ ಅವುಗಳಲ್ಲಿದ್ದರೆ ಅದರ ಎಲ್ಲ ವಿಸ್ತರಣೆಗಳೂ ಅಲ್ಲಿರುತ್ತವೆ. ಆ ಬಿಂದುವಿನಲ್ಲಿ ಅರ್ಥವುಳ್ಳ ಪರಿವರ್ತನೆಗಳನ್ನಷ್ಟೇ ಇದರ ಸಹಗಣಗಳಾಗಿ ವಿಂಗಡಿಸಬೇಕು, ಉಳಿದವನ್ನು ಗಮನಕ್ಕೆ ತರಬಾರದು. ಆಗ ಸಹಗಣಗಳ ಗಾತ್ರ ಅಸಮವಾಗಿದ್ದರೂ ಅವುಗಳ ಸಂಖ್ಯೆ ಬಿಂದುಗಳ ಸಂಖ್ಯೆಗೆ ಸರಿಹೊಂದುತ್ತದೆ. ಮೇಲಿನ ಬೆಂಚಿನಲ್ಲಿ 2, 2, 1 ಎಂಬ ಮೂರು ಭಾಗಗಳು ಮೂರು ಆಸನಗಳೇ ಆಗಿವೆ. ವಿಲೋಮ ಅರ್ಧಸಂಕುಲವೊಂದು ಏಕೈಕ ಆಂಶಿಕ ಪರಿವರ್ತನೆಗಳ ಮೂಲಕ ಸಂಕ್ರಾಮಕವಾಗಿ ವರ್ತಿಸುವ ಎಲ್ಲ ಬಗೆಗಳೂ ಇಂಥ ಸಹಗಣಗಳಿಂದಲೇ ದೊರೆಯುತ್ತವೆಂದು ಶೈನ್ ತೋರಿಸಿಕೊಟ್ಟರು.

ಬೆಂಚಿನ ಲೆಕ್ಕಕ್ಕೆ ಒಂದು ಉಪಕಥೆಯುಂಟು. 14 ಎಂಬುದು 1, 4, 9 ಇವುಗಳ ಮೊತ್ತ. ಎಂದರೆ ಮೊದಲ ಮೂರು ವರ್ಗಗಳ ಮೊತ್ತ. ಇದು ಆಕಸ್ಮಿಕವಲ್ಲ. ಒಂಟಿ ಆಸನವನ್ನು ಮೂರು ಬಗೆಯಲ್ಲಿ ಆರಿಸಿ ಮೂರು ಕಡೆಗೆ ಒಯ್ಯಬಹುದಾದ್ದರಿಂದ 9. ಅಕ್ಕಪಕ್ಕದ ಜೋಡಿಯನ್ನು ಎರಡು ಬಗೆಯಲ್ಲಿ ಆರಿಸಿ ಎರಡು ಕಡೆಗೆ ಒಯ್ಯಬಹುದಾದ್ದರಿಂದ 4. ಮೂರನ್ನೂ ಒಟ್ಟಿಗೆ ಇಡುವ ತದ್ರೂಪ ಮಾತ್ರ ಈ ನಡೆಗಳಿಂದ ಹುಟ್ಟಲಾರದು, ಏಕೆಂದರೆ ಮೊದಲ ನಡೆಯಲ್ಲಿಯೇ ಒಂದು ಆಸನ ಕೈಬಿಟ್ಟು ಹೋಗುತ್ತದೆ. ಅದರ ತೆರವಾದ ಸ್ಥಾನವನ್ನು ವಾಗ್ನರ್ ಅವರ ಶೂನ್ಯ ಪರಿವರ್ತನೆ ತುಂಬಿ 1 ಆಗುತ್ತದೆ. ಎರಡು ಆಸನಗಳಿದ್ದರೆ 5, ನಾಲ್ಕಿದ್ದರೆ 30, ಐದಿದ್ದರೆ 55. ವರ್ಗಗಳ ಮೊತ್ತಕ್ಕೆ ಆರ್ಯಭಟನು 499ರಲ್ಲಿ ರಚಿಸಿದ ಆರ್ಯಭಟೀಯದಲ್ಲಿ ಸೂತ್ರವಿದೆ: ಪದಗಳ ಸಂಖ್ಯೆ, ಅದಕ್ಕೆ ಒಂದು ಕೂಡಿಸಿದ್ದು, ಇವೆರಡರ ಮೊತ್ತ, ಈ ಮೂರರ ಗುಣಲಬ್ಧದ ಆರನೆಯ ಒಂದು ಭಾಗ. ಹತ್ತು ಆಸನಗಳ ಬೆಂಚಿಗೆ ಅದು 10, 11, 21 ಇವುಗಳ ಗುಣಲಬ್ಧ 2,310ನ್ನು ಆರರಿಂದ ಭಾಗಿಸಿ 385 ಎಂದು ಕೊಡುತ್ತದೆ.